10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ 8 ಯಾಕಲ್ಲ?

ಸರಿಯಾದ ಉತ್ತರ 6.98. ಪಿಎಚ್ 8 ಅಂದರೆ ಕ್ಷಾರ. ನೀರಿಗೆ ಒಂದು ತೊಟ್ಟು ಆಮ್ಲ ಹಾಕಿದ್ದಕ್ಕೆ ಅದು ಕ್ಷಾರವಾಗಿಬಿಡುತ್ತದಾ? ಆಗಲ್ಲ ಅಲ್ವಾ!

ಪಿಎಚ್ = −log[H⁺] (H⁺ ಅಂದರೆ ಹೈಡ್ರೋಜನ್ ಅಯಾನು) ಸೂತ್ರಕ್ಕೆ ಬರೀ 10⁻⁸ ಹಾಕಿದರೆ 8 ಬರುತ್ತದೆ. ಸೂತ್ರದಲ್ಲಿ ತಪ್ಪಿಲ್ಲ, ನೀವು ನೀರನ್ನು ಲೆಕ್ಕಕ್ಕೆ ಸೇರಿಸಿಲ್ಲ, ಅಷ್ಟೇ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರು ತಾನೇ ಒಡೆದು ಲೀಟರಿಗೆ 10⁻⁷ ಮೋಲ್ ಹೈಡ್ರೋಜನ್ ಅಯಾನು ಕೊಡುತ್ತದೆ. ನಿಮ್ಮ ಆಮ್ಲ ಕೊಡುವುದು ಅದರ ಹತ್ತನೇ ಒಂದು ಪಾಲು.

ಹಾಗಂತ ಎರಡನ್ನೂ ಸುಮ್ನೆ ಕೂಡಿಸಬೇಡಿ, 6.96 ಬರುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಹೈಡ್ರೋಜನ್ ಮತ್ತು ಹೈಡ್ರಾಕ್ಸೈಡ್ ಅಯಾನುಗಳ ಗುಣಲಬ್ಧ ಈ ತಾಪಮಾನದಲ್ಲಿ ಯಾವಾಗಲೂ 10⁻¹⁴ ಇರಬೇಕು. ಆಮ್ಲದಿಂದ ಹೈಡ್ರೋಜನ್ ಅಯಾನು ಜಾಸ್ತಿಯಾದಾಗ ನೀರು ಒಡೆಯುವುದು ಸ್ವಲ್ಪ ತಗ್ಗುತ್ತದೆ. ನೀರು ಒಡೆದಾಗ ಎರಡೂ ಅಯಾನುಗಳು ಸಮವಾಗಿ ಬರುತ್ತವೆ, ಆ ಪಾಲು ‘ಎಕ್ಸ್’ ಅಂದುಕೊಳ್ಳಿ:

ಎಕ್ಸ್ × (ಎಕ್ಸ್ + 10⁻⁸) = 10⁻¹⁴

ಈ ವರ್ಗ ಸಮೀಕರಣ ಬಿಡಿಸಿದರೆ ಎಕ್ಸ್ ಸುಮಾರು 9.5 × 10⁻⁸. ಋಣ ಬೆಲೆಯನ್ನು ಬಿಟ್ಟುಬಿಡಿ. ಆಮ್ಲದ ಪಾಲು ಸೇರಿಸಿದರೆ ಒಟ್ಟು 1.05 × 10⁻⁷, ಪಿಎಚ್ 6.98.

ಆಮ್ಲ 10⁻⁶ ಮೋಲಾರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಈ ತಲೆನೋವು ಇಲ್ಲ. ಅಲ್ಲಿ ನೀರಿನ ಪಾಲು ಶೇಕಡಾ 1ರ ಆಸುಪಾಸು ಅಥವಾ ಇನ್ನೂ ಕಮ್ಮಿ.