ಗನ್ ದ್ವೀಪದ ಬ್ರಿಟಿಷ್ ವಾಯುನೆಲೆ: ಜನ ತಿರುಗಿಬಿದ್ದದ್ದು ಯಾರ ಮೇಲೆ?

ನೀವು ಕೇಳಿರುವುದು ಎರಡು ಪ್ರಶ್ನೆ: ಮಾಲ್ಡೀವ್ಸ್‌ನ ಗನ್ ದ್ವೀಪಕ್ಕೆ ಬ್ರಿಟಿಷ್ ವಾಯುಪಡೆ ಏಕೆ ಬಂತು? ಅದನ್ನು ಓಡಿಸಲು ಅಲ್ಲಿಯ ಜನ ಹೋರಾಡಿದರೇ? ಎರಡನೆಯದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ದಕ್ಷಿಣದ ದ್ವೀಪಗಳ ಜನ ಬಂಡೆದ್ದದ್ದು ನಿಜ. ಆದರೆ ಅವರ ಸಿಟ್ಟು ಬ್ರಿಟಿಷರ ಮೇಲಿರಲಿಲ್ಲ, ತಮ್ಮದೇ ರಾಜಧಾನಿ ಮಾಲೆಯ ಮೇಲಿತ್ತು. ವಿದೇಶಿ ಸೇನಾನೆಲೆ ಎಂದರೆ ಸ್ಥಳೀಯರು ಒಂದು ಕಡೆ, ಪರಕೀಯರು ಇನ್ನೊಂದು ಕಡೆ ಎಂದು ನಾವು ಸಲೀಸಾಗಿ ಗೆರೆ ಎಳೆಯುತ್ತೇವೆ. ಗನ್‌ನಲ್ಲಿ ಆ ಗೆರೆ ನಿಲ್ಲುವುದಿಲ್ಲ.

ಗನ್ ಇರುವುದು ಅಡ್ಡು ಎಂಬ ಹವಳದ್ವೀಪ ಸಮೂಹದಲ್ಲಿ, ದೇಶದ ದಕ್ಷಿಣದ ತುತ್ತತುದಿಯಲ್ಲಿ, ಸಮಭಾಜಕ ವೃತ್ತದ ಆಚೆಗೆ. ಮಾಲೆಗೂ ಅದಕ್ಕೂ ನಡುವೆ ಐನೂರು ಕಿಲೋಮೀಟರಿಗಿಂತ ಹೆಚ್ಚು ಸಮುದ್ರವಿದೆ. 1941ರಲ್ಲಿ ಬ್ರಿಟಿಷ್ ನೌಕಾಪಡೆ ಇಲ್ಲಿ ‘ಪೋರ್ಟ್ ಟಿ’ ಎಂಬ ಗುಟ್ಟಿನ ನೆಲೆ ಕಟ್ಟಿತು. ಗನ್‌ನಲ್ಲಿ ವಿಮಾನ ಇಳಿಯುವ ಪಟ್ಟಿಯೂ ಸಿದ್ಧವಾಯಿತು. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ ಮತ್ತು ಟ್ರಿಂಕೊಮಲಿಯ ಮೇಲೆ ಬಾಂಬು ಹಾಕಿದಾಗ, ಅವು ಹುಡುಕುತ್ತಿದ್ದ ಬ್ರಿಟಿಷ್ ಹಡಗುಪಡೆಗೆ ಆಸರೆಯಾಗಿದ್ದದ್ದು ಈ ಅಡ್ಡು. ಅಂಥದ್ದೊಂದು ನೆಲೆ ಇದೆ ಎಂಬುದೇ ಜಪಾನೀಯರಿಗೆ ತಿಳಿದಿರಲಿಲ್ಲ.

ಯುದ್ಧ ಮುಗಿದ ಮೇಲೆ ಬ್ರಿಟಿಷರು ಹೊರಟುಹೋದರು. ಮತ್ತೆ ಕರೆತಂದದ್ದು ಸಿಲೋನ್, ಅಂದರೆ ಇಂದಿನ ಶ್ರೀಲಂಕಾದ ರಾಜಕೀಯ. 1956ರಲ್ಲಿ ಅಲ್ಲಿ ಪ್ರಧಾನಿಯಾದ ಬಂಡಾರನಾಯಕೆ ಬ್ರಿಟಿಷ್ ನೆಲೆಗಳು ಬೇಡವೆಂದರು. ಮರುವರ್ಷ ಕಟುನಾಯಕೆಯ ವಾಯುನೆಲೆಯೂ ಟ್ರಿಂಕೊಮಲಿಯ ನೌಕಾನೆಲೆಯೂ ಬ್ರಿಟಿಷರ ಕೈತಪ್ಪಿದವು. ಸಿಂಗಾಪುರಕ್ಕೆ ಹೋಗುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಬೇರೆ ತಾಣ ಬೇಕಾಯಿತು. ಮಾಲ್ಡೀವ್ಸ್ ಆಗಿನ್ನೂ ಬ್ರಿಟಿಷ್ ರಕ್ಷಣೆಯಲ್ಲಿದ್ದ ರಾಜ್ಯ. 1957ರಿಂದ ಗನ್‌ನಲ್ಲಿ ವಾಯುಪಡೆ ನೆಲೆಯೂರಿತು. ದ್ವೀಪ ಎಷ್ಟು ಚಿಕ್ಕದೆಂದರೆ ರನ್‌ವೇ ಒಂದು ದಡದಿಂದ ಇನ್ನೊಂದು ದಡಕ್ಕೆ ಚಾಚಿಕೊಂಡಿತು. ಊರಿನವರನ್ನು ಪಕ್ಕದ ಫೇದೂ ದ್ವೀಪಕ್ಕೆ ಕಳುಹಿಸಿದರು; ಅವರಿಗೆ ಜಾಗ ಮಾಡಿಕೊಡಲು ಫೇದೂ ಜನರಲ್ಲಿ ಅನೇಕರು ಮರದೂಗೆ ಎದ್ದುಹೋಗಬೇಕಾಯಿತು. ಇದನ್ನು ಅನ್ಯಾಯವೆನ್ನದೆ ಬೇರೇನೂ ಅನ್ನಲಾಗದು.

ಆದರೂ ದಂಗೆ ಅದರಿಂದ ಹುಟ್ಟಲಿಲ್ಲ. ನೆಲೆಯಲ್ಲಿ ಕೂಲಿ ಸಿಗುತ್ತಿತ್ತು, ಸಂಬಳ ಸಿಗುತ್ತಿತ್ತು, ಔಷಧ ಸಿಗುತ್ತಿತ್ತು. ಅಡ್ಡುವಿನ ವ್ಯಾಪಾರಿಗಳು ಹಿಂದಿನಿಂದಲೂ ಸ್ವಂತ ಹಾಯಿಹಡಗುಗಳಲ್ಲಿ ನೇರವಾಗಿ ಸಿಲೋನಿಗೆ ಹೋಗಿಬರುತ್ತಿದ್ದವರು. ಎಲ್ಲವೂ ತನ್ನ ಮೂಲಕವೇ ನಡೆಯಬೇಕೆಂದು ಮಾಲೆ ಹಟ ಹಿಡಿದಿತ್ತು. 1957ರ ಕೊನೆಗೆ ಪ್ರಧಾನಿಯಾದ ಇಬ್ರಾಹಿಂ ನಾಸಿರ್ ನೆಲೆಯ ಒಪ್ಪಂದವನ್ನು ಮತ್ತೆ ಮಾತುಕತೆಗೆ ಎಳೆದರು. ಬಾಡಿಗೆ ಹೆಚ್ಚಿಸಿ, ಅವಧಿ ಕಡಿಮೆ ಮಾಡಿ ಎಂಬುದು ಅವರ ಪಟ್ಟು. ನನಗೆ ಕೇಳಿದರೆ ಒಬ್ಬ ದೇಶನಾಯಕನಿಗೆ ಅದು ತಕ್ಕ ಬೇಡಿಕೆಯೇ. ಆದರೆ ಅಡ್ಡುವಿನವರಿಗೆ ಅದು ತಮ್ಮ ಅನ್ನಕ್ಕೆ ಕೈಹಾಕಿದಂತೆ ಕಂಡಿತು. ಮೇಲಿಂದ ಹೊಸ ತೆರಿಗೆಯ ಸುದ್ದಿಯೂ ಬಂತು. 1959ರ ಜನವರಿಯಲ್ಲಿ ಅಡ್ಡು, ಹುವದು, ಫುವಮುಲ ಎಂಬ ದಕ್ಷಿಣದ ದ್ವೀಪಗಳು ಸೇರಿ ‘ಸಂಯುಕ್ತ ಸುವಾದೀವ್ ಗಣರಾಜ್ಯ’ ಎಂಬ ಪ್ರತ್ಯೇಕ ದೇಶವನ್ನು ಘೋಷಿಸಿಕೊಂಡವು. ಅದರ ಅಧ್ಯಕ್ಷ ಅಬ್ದುಲ್ಲಾ ಅಫೀಫ್, ಬ್ರಿಟಿಷರಿಗೂ ಸ್ಥಳೀಯರಿಗೂ ನಡುವೆ ಸಂಪರ್ಕದ ಕೆಲಸ ಮಾಡುತ್ತಿದ್ದ ವ್ಯಕ್ತಿ. ಸಹಜವಾಗಿಯೇ ಮಾಲೆ ಇದೆಲ್ಲ ಬ್ರಿಟಿಷರ ಕಿತಾಪತಿ ಎಂದಿತು.

ಬ್ರಿಟನ್ ಮಾತ್ರ ಆ ಗಣರಾಜ್ಯವನ್ನು ಮಾನ್ಯ ಮಾಡಲೇ ಇಲ್ಲ. 1960ರಲ್ಲಿ ಅದು ನಾಸಿರ್ ಜೊತೆಗೇ ಕೈಕುಲುಕಿತು: 1986ರವರೆಗೆ ನೆಲೆ, ಪ್ರತಿಯಾಗಿ ಒಂದು ಲಕ್ಷ ಪೌಂಡ್ ನಗದು ಮತ್ತು ಅಭಿವೃದ್ಧಿಗೆಂದು ಏಳೂವರೆ ಲಕ್ಷ ಪೌಂಡ್. ಸುವಾದೀವ್‌ನ ಹಣೆಬರಹ ಅಲ್ಲಿಗೇ ಮುಗಿಯಿತು ಎನ್ನಬಹುದು. 1962ರಲ್ಲಿ ಮಾಲೆ ಹುವದುವಿನ ತಿನದೂ ದ್ವೀಪಕ್ಕೆ ಸಶಸ್ತ್ರ ಪಡೆ ಕಳುಹಿಸಿ ಊರಿಗೆ ಊರನ್ನೇ ಖಾಲಿ ಮಾಡಿಸಿತು. 1963ರಲ್ಲಿ ಗಣರಾಜ್ಯ ಕುಸಿದಾಗ ಅಫೀಫ್ ಬ್ರಿಟಿಷ್ ಯುದ್ಧನೌಕೆಯನ್ನೇ ಹತ್ತಿ ಸೇಶೆಲ್ಸ್‌ಗೆ ಗಡೀಪಾರಾದರು.

ಬ್ರಿಟಿಷರು ಹೋದದ್ದಕ್ಕೂ ಹೋರಾಟ ಕಾರಣವಲ್ಲ, ಖರ್ಚು ಕಾರಣ. ಸೂಯೆಜ್ ಕಾಲುವೆಯ ಪೂರ್ವಕ್ಕಿರುವ ಪಡೆಗಳನ್ನು ಹಿಂದೆಗೆಯುತ್ತೇವೆ ಎಂದು 1968ರಲ್ಲೇ ಲಂಡನ್ ಸಾರಿತ್ತು. ಸಿಂಗಾಪುರದ ನೆಲೆಗಳು ಮುಚ್ಚಿದ ಮೇಲೆ ಮಧ್ಯದ ನಿಲ್ದಾಣಕ್ಕೆ ಏನು ಕೆಲಸ? 1976ರ ಮಾರ್ಚ್‌ನಲ್ಲಿ, ಗಡುವಿಗೆ ಹತ್ತು ವರ್ಷ ಮೊದಲೇ, ಗನ್ ಖಾಲಿಯಾಯಿತು. ನೂರಾರು ಕುಟುಂಬಗಳ ಸಂಪಾದನೆ ಒಮ್ಮೆಗೇ ನಿಂತಿತು. ಇಂಗ್ಲಿಷ್ ಬಲ್ಲ ಅಡ್ಡುವಿನ ಗಂಡಸರು ಉತ್ತರಕ್ಕೆ ಹೋಗಿ ಮಾಲೆಯ ಸುತ್ತ ಆಗತಾನೇ ತೆರೆದಿದ್ದ ರೆಸಾರ್ಟುಗಳಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ಸೋವಿಯತ್ ಒಕ್ಕೂಟ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಬಾಡಿಗೆ ಕೊಡುತ್ತೇನೆಂದು ಗನ್ ಕೇಳಿತು. ನಾಸಿರ್ ಒಪ್ಪಲಿಲ್ಲ.

ಈಗ ಆ ರನ್‌ವೇ ನಾಗರಿಕ ವಿಮಾನ ನಿಲ್ದಾಣದ್ದು. ವಾಯುಪಡೆಯ ಹಳೆಯ ವಸತಿ ಕಟ್ಟಡಗಳಲ್ಲಿ ಮುಂದೆ ಪ್ರವಾಸಿಗರ ಹೋಟೆಲ್ ನಡೆಯಿತು. 2010ರಲ್ಲಿ ಭಾರತ ಮಾಲ್ಡೀವ್ಸ್‌ಗೆ ಕೊಟ್ಟ, ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಧ್ರುವ್ ಹೆಲಿಕಾಪ್ಟರ್ ನಿಂತದ್ದೂ ಇದೇ ಅಡ್ಡುವಿನಲ್ಲಿ. ಅದನ್ನು ನಡೆಸುತ್ತಿದ್ದ ಭಾರತೀಯ ಸೈನಿಕರ ಬಗ್ಗೆ ಮಾಲೆಯಲ್ಲಿ ಎದ್ದ ಗದ್ದಲ, 2024ರಲ್ಲಿ ಅವರ ಜಾಗಕ್ಕೆ ನಾಗರಿಕ ತಂತ್ರಜ್ಞರು ಬಂದದ್ದು ನಿಮಗೂ ನೆನಪಿರಬಹುದು. ಆ ಗದ್ದಲವನ್ನು ಅರ್ಥಮಾಡಿಕೊಳ್ಳುವ ಮನಸ್ಸಿದ್ದರೆ, 1959ರಿಂದ ಓದಲು ಶುರುಮಾಡಿ ಎಂಬುದು ನನ್ನ ಸಲಹೆ.