ಶೆಟ್ಟಿಹಳ್ಳಿ ಚರ್ಚಿನಲ್ಲಿ ಈಗ ಪೂಜೆ ನಡೆಯುತ್ತಾ?

ಪ್ರಶ್ನೆ: ಸರ್, ಹಾಸನದ ಹತ್ತಿರ ನೀರಲ್ಲಿ ಮುಳುಗುವ ಚರ್ಚ್ ಇದೆಯಲ್ಲ, ಅದು ಮೊದಲು ಏನಾಗಿತ್ತು, ಈಗ ಯಾವುದಕ್ಕೆ ಬಳಸ್ತಾರೆ? ಮಳೆಗಾಲದಲ್ಲಿ ಹೋದರೆ ಒಳಗೆ ಬಿಡ್ತಾರಾ?
– ಓದುಗರೊಬ್ಬರು, ತುಮಕೂರು

ಉತ್ತರ: ಪೂಜೆ ನಿಂತು ದಶಕಗಳೇ ಆದವು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ಚರ್ಚ್ ಅದು. ಆಗ ಸುತ್ತ ಊರಿತ್ತು, ಭಾನುವಾರ ಜನ ಸೇರುತ್ತಿದ್ದರು. ಆಮೇಲೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಹಿನ್ನೀರು ಊರಿನ ಮೇಲೆ ಹರಿಯಿತು, ಜನ ಬೇರೆ ಕಡೆ ಹೋದರು, ಚರ್ಚ್ ಮಾತ್ರ ಅಲ್ಲೇ ಉಳಿಯಿತು.

ಮಳೆಗಾಲದಲ್ಲಿ ಒಳಗೆ ಹೋಗೋ ಮಾತೇ ಇಲ್ಲ. ಜಲಾಶಯ ತುಂಬಿದಾಗ ಗೋಡೆಯ ಮೇಲಿನ ಭಾಗ ಮಾತ್ರ ಕಾಣುತ್ತದೆ, ದಡದಲ್ಲೇ ನಿಂತು ನೋಡಬೇಕು. ಬೇಸಿಗೆಯಲ್ಲಿ ಹೋಗಿ. ಛಾವಣಿ ಇಲ್ಲ, ಕಮಾನುಗಳ ನಡುವೆ ಆಕಾಶ. ಗಾರೆ ಉದುರಿದ ಕಡೆ ಒಳಗಿನ ಇಟ್ಟಿಗೆ ಇಣುಕುತ್ತದೆ, ನೆಲದಲ್ಲಿ ಒಣಗಿ ಬಿರಿದ ಕೆಸರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಅಂತ ಹೇಳುವವರಿದ್ದಾರೆ, ನಾನಂತೂ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ.

ಈಗಿನ ಬಳಕೆ ಅಂದರೆ ಮದುವೆಗೆ ಮುಂಚಿನ ಫೋಟೋ ಶೂಟ್, ಜೊತೆಗೆ ಪ್ರವಾಸಿಗರು, ಹಕ್ಕಿ ನೋಡಲು ಬರುವವರು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಆದರೆ ಗೋಡೆ ಕೆರೆದು ಹೆಸರು ಬರೆಯೋದು, ಫೋಟೋಗೆ ಅಂತ ಸುಮ್ನೆ ಮೇಲೆ ಹತ್ತೋದು ಬೇಡ. ವರ್ಷವರ್ಷ ನೆನೆದು ಒಣಗಿದ ಗೋಡೆ, ಯಾವಾಗ ಕೈ ಕೊಡುತ್ತೋ ಹೇಳಕ್ಕಾಗಲ್ಲ ಅಲ್ವಾ?