ಔಷಧದ ಪ್ರಮಾಣ ಹೆಚ್ಚಿಸಿದರೆ ಅಂಡಾಣು ಹೆಚ್ಚುವುದೇ?

ಓದುಗರ ಪತ್ರ: ನನಗೆ 36 ವರ್ಷ. ಮದುವೆಯಾಗಿ ಒಂಬತ್ತು ವರ್ಷ. ಅಂಡಾಣು ಎಷ್ಟು ಸಿಗಬಹುದೆಂದು ಸೂಚಿಸುವ ಎಎಮ್‌ಎಚ್ ಪರೀಕ್ಷೆಯಲ್ಲಿ 0.6 ಬಂದಿದೆ. ಕಳೆದ ಏಪ್ರಿಲ್‌ನಲ್ಲಿ ಹೈದರಾಬಾದಿನ ಒಂದು ಕೇಂದ್ರದಲ್ಲಿ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿದೆವು. ಅಲ್ಲಿಂದ ಇಂಜೆಕ್ಷನ್‌ಗಳನ್ನು ಬಸ್ಸಿನಲ್ಲಿ ತಂದು ಊರಿನಲ್ಲೇ ಹಾಕಿಸಿಕೊಂಡೆ. ದಿನಕ್ಕೆ 450 ಯೂನಿಟ್ ಕೊಟ್ಟರೂ ಸಿಕ್ಕಿದ್ದು ಎರಡೇ ಅಂಡಾಣು. ಆದ ಒಂದು ಭ್ರೂಣವೂ ನಿಲ್ಲಲಿಲ್ಲ. ಈಗ ಇನ್ನೊಂದು ಕಡೆ, ಔಷಧವನ್ನು ಇನ್ನೂ ಹೆಚ್ಚಿಸಿ ಪಿಆರ್‌ಪಿ ಮತ್ತು ಬೆಳವಣಿಗೆಯ ಹಾರ್ಮೋನು ಸೇರಿಸಿದರೆ ಆಗುತ್ತದೆ ಎನ್ನುತ್ತಾರೆ. ಅದಕ್ಕೆ ತವರಿನ ಬಂಗಾರ ಮಾರಬೇಕು. ನೆಗೆಣ್ಣಿಯ ಕುಬಸದಲ್ಲಿ ಉಡಿ ತುಂಬಲು ನನ್ನನ್ನು ಮುಂದೆ ಬಿಡಲಿಲ್ಲ. ಏನು ಮಾಡಲಿ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಕುಬಸದ ಮಾತಿಗೇ ಮೊದಲು ಬರುತ್ತೇನೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು ಇಟ್ಟ ತಟ್ಟೆಯನ್ನು ನಿಮ್ಮ ಕೈ ತಪ್ಪಿಸಿ ಬೇರೆಯವರಿಗೆ ದಾಟಿಸಿದವರು ತಪ್ಪು ಮಾಡಿದ್ದಾರೆ. ಎಷ್ಟೇ ಹಿರಿಯರಾದರೂ ಅದು ತಪ್ಪೇ. ಇದನ್ನು ಅವರಿಗೆ ಹೇಳಬೇಕಾದವರು ನಿಮ್ಮ ಪತಿ. ಆ ಹೊರೆಯೂ ನಿಮ್ಮ ತಲೆಯ ಮೇಲೆ ಬೀಳಬಾರದು.

ಇನ್ನು ಬಂಗಾರ. ಈ ಪಿಆರ್‌ಪಿ, ಹಾರ್ಮೋನುಗಳಿಗಾಗಿ ಅದನ್ನು ಮಾರಬೇಡಿ. ನಾನು ವೈದ್ಯಳಲ್ಲ. ಪ್ರಕಟವಾದ ಅಧ್ಯಯನಗಳನ್ನೂ ವೈದ್ಯರ ಸಂಘಗಳ ಮಾರ್ಗಸೂಚಿಗಳನ್ನೂ ಓದಿ ಈ ಮಾತು ಹೇಳುತ್ತಿದ್ದೇನೆ. ಕಾರಣವನ್ನೂ ವಿವರಿಸುತ್ತೇನೆ.

ಹೆಣ್ಣು ಮಗು ಹುಟ್ಟುವಾಗ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು, ನಾಲ್ಕು ಲಕ್ಷ ಉಳಿದಿರುತ್ತವೆ. ಆಮೇಲೆ ಗರ್ಭ ನಿಲ್ಲಲಿ, ಬಿಡಲಿ, ಅವು ಕರಗುತ್ತಲೇ ಹೋಗುತ್ತವೆ. ಒಂದು ಅಂಡಾಣು ಸುಪ್ತ ಸ್ಥಿತಿಯಿಂದ ಎದ್ದು ಬಲಿಯಲು ತಿಂಗಳುಗಳೇ ಬೇಕು. ಐವಿಎಫ್‌ನಲ್ಲಿ ಎಂಟರಿಂದ ಹನ್ನೆರಡು ದಿನ ಕೊಡುವ ಇಂಜೆಕ್ಷನ್ ಕೆಲಸ ಮಾಡುವುದು ಆ ಪಯಣದ ಕೊನೆಯ ಹಂತದಲ್ಲಿ ಮಾತ್ರ. ಆ ತಿಂಗಳು ಸಿದ್ಧವಾಗಿ ನಿಂತಿರುವ, ಅಂಡಾಣುವನ್ನು ಒಳಗಿಟ್ಟುಕೊಂಡ ಸಣ್ಣ ಕೋಶಗಳನ್ನು (ಫಾಲಿಕಲ್) ಅದು ಬೆಳೆಸುತ್ತದೆ, ಹೊಸದಾಗಿ ಒಂದನ್ನೂ ಹುಟ್ಟಿಸಲಾರದು. ನಿಮ್ಮ ಕಡೆಯ ಭತ್ತದ ಗದ್ದೆಯಲ್ಲೂ ಹಾಗೆಯೇ ಅಲ್ಲವೇ? ನಾಟಿ ಮಾಡಿದ ಸಸಿ ಎಷ್ಟಿದೆಯೋ ಅಷ್ಟಕ್ಕೇ ಗೊಬ್ಬರ ದಕ್ಕುತ್ತದೆ.

ಇದು ಬರೀ ತರ್ಕವಲ್ಲ. ಅಂಡಾಣು ಕಡಿಮೆ ಸಿಗಬಹುದೆಂದು ಮೊದಲೇ ಗೊತ್ತಿದ್ದ ಮಹಿಳೆಯರನ್ನು ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ಗುಂಪು ಮಾಡಿ ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆ 150 ಯೂನಿಟ್, ಇನ್ನೊಂದಕ್ಕೆ 225 ಅಥವಾ 450. ಹದಿನೆಂಟು ತಿಂಗಳ ಲೆಕ್ಕ ನೋಡಿದಾಗ ಮಗು ಪಡೆದವರ ಪ್ರಮಾಣದಲ್ಲಿ ಅರ್ಥಪೂರ್ಣವಾದ ವ್ಯತ್ಯಾಸ ಕಾಣಲಿಲ್ಲ. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘ 2019ರಲ್ಲಿ ಹೊರತಂದ ಮಾರ್ಗಸೂಚಿ, ಇಂಥವರಿಗೆ 300 ಯೂನಿಟ್ ದಾಟುವುದನ್ನು ಶಿಫಾರಸು ಮಾಡುವುದಿಲ್ಲ. ಅಂಡಾಣು ಬೆಳೆಸುವ ಕ್ಲೋಮಿಫಿನ್ ಮಾತ್ರೆಯನ್ನು ಒಂಟಿಯಾಗಿ ಇಲ್ಲವೇ ಇಂಜೆಕ್ಷನ್ ಜೊತೆ ಸೇರಿಸಿ ಕೊಡುವ ವಿಧಾನವನ್ನು ಅದು ದೊಡ್ಡ ಪ್ರಮಾಣದ ಇಂಜೆಕ್ಷನ್‌ಗಿಂತ ಕಡಿಮೆಯೆಂದು ಕಂಡಿಲ್ಲ. ಆ ಮಾತ್ರೆಯ ಬೆಲೆ ಇಂಜೆಕ್ಷನ್‌ನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ನಿಮಗೆ ಆಗಲೇ 450 ಕೊಟ್ಟಿದ್ದಾರೆ. ಇನ್ನೂ ಹೆಚ್ಚಿಸುತ್ತೇವೆ ಎನ್ನುವವರು ಏಕೆ ಎಂಬುದನ್ನು ಬಿಡಿಸಿ ಹೇಳಬೇಕು.

ಪಿಆರ್‌ಪಿ ಎಂದರೆ ನಿಮ್ಮದೇ ರಕ್ತದಿಂದ ಪ್ಲೇಟ್‌ಲೆಟ್ ಹೆಚ್ಚಿರುವ ದ್ರವವನ್ನು ಬೇರ್ಪಡಿಸಿ ಅಂಡಾಶಯಕ್ಕೆ ಚುಚ್ಚುವುದು. ಅದು ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಪ್ರಯೋಗವೆಂದ ಮೇಲೆ ರೋಗಿ ಹಣ ಕಟ್ಟಬೇಕಾಗಿ ಬರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೆಳವಣಿಗೆಯ ಹಾರ್ಮೋನನ್ನೂ ಡಿಎಚ್‌ಇಎ ಎಂಬ ಹಾರ್ಮೋನು ಮಾತ್ರೆಯನ್ನೂ ಅದೇ ಮಾರ್ಗಸೂಚಿ ಬೆಂಬಲಿಸಿಲ್ಲ. ಡಿಎಚ್‌ಇಎಯಿಂದ ಮೊಡವೆ, ಮುಖದ ಮೇಲೆ ಕೂದಲು ಬರುವುದುಂಟು. ಅಂಗಡಿಯಿಂದ ತಂದು ನೀವಾಗಿಯೇ ನುಂಗಬೇಡಿ.

ಹಾಗಾದರೆ 0.6 ಎಂಬ ಸಂಖ್ಯೆಯ ಅರ್ಥವೇನು? ಎಎಮ್‌ಎಚ್ ಎಂಬುದು ಅಂಡಾಶಯದ ಸಣ್ಣ ಕೋಶಗಳು ಸ್ರವಿಸುವ ಹಾರ್ಮೋನು. ಇಂಜೆಕ್ಷನ್ ಕೊಟ್ಟರೆ ಅಂದಾಜು ಎಷ್ಟು ಅಂಡಾಣು ಸಿಗಬಹುದು ಎಂಬುದನ್ನು ಅದು ಸೂಚಿಸುತ್ತದೆ. ಅವು ಚೆನ್ನಾಗಿವೆಯೇ ಇಲ್ಲವೇ ಎಂಬುದನ್ನು ಹೇಳುವುದು ಹೆಚ್ಚಾಗಿ ವಯಸ್ಸು. ನಲವತ್ತರ ಹೊತ್ತಿಗೆ ಭ್ರೂಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ವರ್ಣತಂತುಗಳ ಲೆಕ್ಕ ತಪ್ಪಿರುತ್ತದೆ. ನಿಮ್ಮ ವಯಸ್ಸಿನಲ್ಲಿ ಸರಿಯಾದವುಗಳ ಪಾಲು ಅದಕ್ಕಿಂತ ಎಷ್ಟೋ ಮೇಲು. 2016ರಲ್ಲಿ ಬಂದ ಪೊಸೈಡನ್ ವರ್ಗೀಕರಣ 35 ವರ್ಷವನ್ನೂ ಎಎಮ್‌ಎಚ್ 1.2ನ್ನೂ ಗೆರೆಯಾಗಿಟ್ಟು ಅಂಡಾಣು ಕಡಿಮೆ ಸಿಗುವ ಮಹಿಳೆಯರನ್ನು ನಾಲ್ಕು ಗುಂಪು ಮಾಡಿದ್ದು ಈ ವ್ಯತ್ಯಾಸಕ್ಕಾಗಿಯೇ. ನೀವು ವಯಸ್ಸು 35 ದಾಟಿದ, ಎಎಮ್‌ಎಚ್ ಕಡಿಮೆಯಿರುವ ನಾಲ್ಕನೆಯ ಗುಂಪಿಗೆ ಸೇರುತ್ತೀರಿ, ಆದರೆ ವಯಸ್ಸಿನ ಗೆರೆಯನ್ನು ಈಗಷ್ಟೇ ದಾಟಿದ್ದೀರಿ. ಅಂದರೆ ಅವಕಾಶ ಉಳಿದಿದೆ, ಕಾಯುತ್ತ ಕೂರುವ ಸಮಯ ಉಳಿದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಜೆಕ್ಷನ್‌ಗಳನ್ನು ಏಪ್ರಿಲ್‌ನಲ್ಲಿ ಬಸ್ಸಿನಲ್ಲಿ ತಂದೆ ಎಂಬ ಸಾಲು. ಈ ಔಷಧಗಳಲ್ಲಿ ಹಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕೆಲವನ್ನು 25 ಡಿಗ್ರಿಯವರೆಗೆ ಇಡಬಹುದು. ರಾಯಚೂರಿನ ಏಪ್ರಿಲ್ 40 ಡಿಗ್ರಿ ದಾಟುತ್ತದೆ. ಕಿಟಕಿ ಪಕ್ಕದ ಸೀಟಿನಲ್ಲಿ ಮಡಿಲ ಮೇಲಿಟ್ಟುಕೊಂಡ ಬ್ಯಾಗಿನೊಳಗೆ ಎಷ್ಟಿರುತ್ತದೆ ಎಂದು ನೀವೇ ಊಹಿಸಿ. ಎರಡೇ ಅಂಡಾಣು ಸಿಕ್ಕಿದ್ದು ಇದರಿಂದಲೇ ಎಂದು ನಾನು ಹೇಳುತ್ತಿಲ್ಲ. ಎಎಮ್‌ಎಚ್ ಅಷ್ಟಿರುವಾಗ ಎರಡು ಸಿಗುವುದು ಅಚ್ಚರಿಯೂ ಅಲ್ಲ. ಆದರೆ ಮುಂದಿನ ಸಲ ಈ ಅನುಮಾನಕ್ಕೆ ಎಡೆಯೇ ಇರಬಾರದು. ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ತನ್ನಿ. ಐಸ್ ಔಷಧಕ್ಕೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಸುತ್ತಿ, ಏಕೆಂದರೆ ಹೆಪ್ಪುಗಟ್ಟಿದರೂ ಔಷಧ ಕೆಡುತ್ತದೆ. ಮನೆಯಲ್ಲಿ ಫ್ರಿಜ್ಜಿನ ನಡುವಿನ ಹಲಗೆಯ ಮೇಲಿಡಿ, ಬಾಗಿಲಿನಲ್ಲಿ ಬೇಡ. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಪಟ್ಟಣದ ಔಷಧ ಅಂಗಡಿಯ ಫ್ರಿಜ್ಜಿನಲ್ಲಿ ಇಡಲು ಕೇಳಿಕೊಂಡು ದಿನದ್ದನ್ನು ದಿನವೇ ಹಾಕಿಸಿಕೊಳ್ಳಿ.

ಕೊನೆಯ ಇಂಜೆಕ್ಷನ್ ವಿಷಯದಲ್ಲಂತೂ ಗಡಿಯಾರ ನೋಡುತ್ತಲೇ ಇರಬೇಕು. ಅಂಡಾಣು ಹೊರತೆಗೆಯುವ 34ರಿಂದ 36 ಗಂಟೆ ಮೊದಲು ಅದನ್ನು ಕೊಡುತ್ತಾರೆ. ಹೊತ್ತು ತಪ್ಪಿದರೆ, ಅರ್ಧ ಡೋಸ್ ಚೆಲ್ಲಿದರೆ, ಇದ್ದ ಎರಡೂ ಕೈಗೆ ಸಿಗದೆ ಹೋಗಬಹುದು. ರಾತ್ರಿ ಹತ್ತೂವರೆಗೆ ಸೂಜಿ ಚುಚ್ಚಲು ನಿಮ್ಮೂರಿನಲ್ಲಿ ಯಾರಿದ್ದಾರೆ ಎಂಬುದನ್ನು ಚಿಕಿತ್ಸೆ ಶುರುವಾಗುವ ಮೊದಲೇ ಗೊತ್ತುಮಾಡಿಕೊಳ್ಳಿ. ನಡುನಡುವಿನ ಸ್ಕ್ಯಾನ್‌ಗಳನ್ನು ರಾಯಚೂರಿನಲ್ಲೇ ಮಾಡಿಸಿ ವರದಿ ಕಳುಹಿಸಬಹುದೇ ಎಂದೂ ಕೇಳಿ ನೋಡಿ. ಪಯಣ ಕಡಿಮೆಯಾದಷ್ಟೂ ನಿಮ್ಮ ಶಕ್ತಿಯೂ ದುಡ್ಡೂ ಉಳಿಯುತ್ತವೆ.

ಒಂದೇ ಸುತ್ತಿಗೆ ಎಲ್ಲವನ್ನೂ ಪಣಕ್ಕಿಡುವ ಬದಲು ಸೌಮ್ಯವಾದ ಎರಡು, ಮೂರು ಸುತ್ತುಗಳಲ್ಲಿ ಸಿಕ್ಕ ಭ್ರೂಣಗಳನ್ನು ಶೀತಲೀಕರಿಸಿ ಕೂಡಿಟ್ಟು, ಆಮೇಲೆ ಗರ್ಭಕೋಶಕ್ಕೆ ಸೇರಿಸುವ ದಾರಿಯೂ ಇದೆ. ಅಂಡಾಣು ಕಡಿಮೆ ಇರುವವರಿಗೆ ಇದು ನನಗೆ ಒಪ್ಪುವ ಯೋಜನೆ. ಎಲ್ಲ ಸುತ್ತುಗಳ ಒಟ್ಟು ಖರ್ಚನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಆಯುಷ್ಮಾನ್ ಭಾರತ ಯೋಜನೆ ಸಂತಾನ ಚಿಕಿತ್ಸೆಗೆ ಅನ್ವಯಿಸುವುದಿಲ್ಲ, ಹೀಗಾಗಿ ಪ್ರತಿ ರೂಪಾಯಿಯೂ ನಿಮ್ಮದೇ.

ಒಂಬತ್ತು ವರ್ಷಗಳಲ್ಲಿ ನಿಮ್ಮ ಪತಿಯ ವೀರ್ಯ ಪರೀಕ್ಷೆ ಆಗಿದೆಯೇ? ಪತ್ರದಲ್ಲಿ ಆ ಮಾತೇ ಇಲ್ಲ. ಇರುವುದು ಎರಡೇ ಅಂಡಾಣುವಾದಾಗ ವೀರ್ಯದ ಗುಣ ಎರಡು ಪಟ್ಟು ಮುಖ್ಯವಾಗುತ್ತದೆ. ಅವರು ಗುಟ್ಕಾ, ಬೀಡಿ ಸೇವಿಸುತ್ತಿದ್ದರೆ ಇಂದೇ ಬಿಡಲಿ. ಹೊಸ ವೀರ್ಯಾಣು ಸಿದ್ಧವಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ನಿಮ್ಮ ಗರ್ಭಕೋಶದ ಒಳಪದರಕ್ಕೆ ಕ್ಷಯ ತಗುಲಿದೆಯೇ ಎಂಬುದನ್ನೂ ನೋಡಬೇಕು. ನಮ್ಮ ದೇಶದಲ್ಲಿ ಅದು ಸದ್ದಿಲ್ಲದೆ ಒಳಪದರವನ್ನೂ ನಾಳಗಳನ್ನೂ ಹಾಳುಮಾಡುತ್ತದೆ. ಥೈರಾಯ್ಡ್ ಪರೀಕ್ಷೆಯೂ ಆಗಲಿ. ಇವುಗಳಿಗೆ ಹೈದರಾಬಾದಿಗೆ ಹೋಗಬೇಕಿಲ್ಲ, ರಾಯಚೂರಿನ ರಿಮ್ಸ್‌ನ ಅಥವಾ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ.

ದಾನಿಯ ಅಂಡಾಣು ಬಳಸುವ ಮಾತು ಒಂದು ದಿನ ಬರಬಹುದು. ಆಗ ಅದು ನಿಮ್ಮ ನಿರ್ಧಾರವಾಗಿರಲಿ. ಅತ್ತೆಯವರೂ ವೈದ್ಯರೂ ನಿಮ್ಮ ಪರವಾಗಿ ನಿರ್ಧರಿಸುವಂತಿಲ್ಲ. ಸಂತಾನ ಚಿಕಿತ್ಸೆಯನ್ನು ನಿಯಂತ್ರಿಸುವ 2021ರ ಕಾಯ್ದೆಯ ಪ್ರಕಾರ ದಾನಿಯ ವಯಸ್ಸು 23ರಿಂದ 35ರ ಒಳಗಿರಬೇಕು. ಆಕೆ ಬದುಕಿನಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ನೆಂಟರಲ್ಲೇ ಯಾರನ್ನಾದರೂ ಸದ್ದಿಲ್ಲದೆ ಒಪ್ಪಿಸಿ ಮುಗಿಸೋಣ ಎನ್ನುವವರಿಂದ ದೂರವಿರಿ.

ಅದೇ ಕಾಯ್ದೆ ನಿಮಗೂ ಹಕ್ಕು ಕೊಟ್ಟಿದೆ. ಯಶಸ್ಸಿನ ಸಾಧ್ಯತೆ, ಖರ್ಚು, ಅಪಾಯಗಳನ್ನು ಕೇಂದ್ರ ನಿಮಗೆ ತಿಳಿಸಲೇಬೇಕು. ಮಾಡಿದ ಚಿಕಿತ್ಸೆಯ ವಿವರವಿರುವ ಬಿಡುಗಡೆ ಪ್ರಮಾಣಪತ್ರ ಕೊಡಬೇಕು, ದೂರು ಕೇಳುವ ಘಟಕ ಇಟ್ಟಿರಬೇಕು. ಹಾಗಾಗಿ ಮೊದಲು ಹೈದರಾಬಾದಿನ ಕೇಂದ್ರದಿಂದ ನಿಮ್ಮ ಕಡತ ತರಿಸಿಕೊಳ್ಳಿ. ಯಾವ ದಿನ ಎಷ್ಟು ಯೂನಿಟ್, ಪ್ರತಿ ಸ್ಕ್ಯಾನಿನಲ್ಲಿ ಎಷ್ಟು ಕೋಶ, ಎರಡರಲ್ಲಿ ಬಲಿತ ಅಂಡಾಣು ಎಷ್ಟು, ಭ್ರೂಣ ಎಷ್ಟನೆಯ ದಿನದ್ದು, ಒಳಪದರದ ದಪ್ಪ ಎಷ್ಟು, ಇಷ್ಟೂ ಅದರಲ್ಲಿ ಇರಬೇಕು. ಅದನ್ನು ಹಿಡಿದು ನೋಂದಾಯಿತ ಕೇಂದ್ರದ ಇನ್ನೊಬ್ಬ ವೈದ್ಯರ ಬಳಿಗೆ ಪತಿಯೊಡನೆ ಹೋಗಿ, ಈ ಸಲ ಏನನ್ನು ಬದಲಾಯಿಸುತ್ತೀರಿ, ಏಕೆ ಎಂದು ಕೇಳಿ.

– ಸಂಪಾದಕಿ